ಜೋಗದ ನೀರಿನ ಶಕ್ತಿ ಎಲ್ಲಿ ಹೋಗುತ್ತದೆ?

ಹೊಸನಗರ ತಾಲ್ಲೂಕಿನ ಹುಂಚದ ಬಳಿಯ ಬಿಲ್ಲೇಶ್ವರ ಬೆಟ್ಟದಲ್ಲಿ ಹುಟ್ಟುವ ಕುಮುದ್ವತಿಯು ತುಂಗಭದ್ರೆಯನ್ನು ಸೇರಿ, ಅಲ್ಲಿಂದ ಕೃಷ್ಣೆಯೊಡನೆ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ. ನೆರೆಯ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಯಾದರೋ ಹೊನ್ನಾವರದ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಮೊದಲನೆಯದರ ಇಳಿತವು ನೂರಾರು ಮೈಲಿಗಳ ದಾರಿಯಲ್ಲಿ ಹಂಚಿಹೋಗಿದೆ. ಎರಡನೆಯದು ಜೋಗದಲ್ಲಿ ಒಮ್ಮೆಗೇ 253 ಮೀಟರು, ಅಂದರೆ 830 ಅಡಿ, ಧುಮುಕುತ್ತದೆ. ಈ ಕಣಿವೆಗೆ ಪ್ರವಾಸ ಹೋಗುವ ವಿದ್ಯಾರ್ಥಿಯು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಧುಮುಕಿದ ನೀರಿನ ಶಕ್ತಿ ಏನಾಯಿತು?

ಎತ್ತರದಲ್ಲಿರುವ ನೀರಿನಲ್ಲಿ ಪ್ರಚ್ಛನ್ನಶಕ್ತಿ ಅಡಗಿರುತ್ತದೆ. ಒಂದು ಕಿಲೋಗ್ರಾಂ ನೀರು 253 ಮೀಟರು ಬಿದ್ದರೆ ಬಿಡುಗಡೆಯಾಗುವ ಶಕ್ತಿ 253 × 9.8, ಎಂದರೆ ಸುಮಾರು 2,480 ಜೂಲ್. ಬೀಳುವಾಗ ಅದು ಚಲನಶಕ್ತಿಯಾಗುತ್ತದೆ. ಬಂಡೆಗೆ ಅಪ್ಪಳಿಸಿ, ಮಡುವಿನಲ್ಲಿ ಸುಳಿಸುತ್ತಿ ಶಾಂತವಾದಾಗ ಬಹುಪಾಲು ಉಷ್ಣವಾಗಿ ಉಳಿಯುತ್ತದೆ. ಒಂದು ಕಿಲೋಗ್ರಾಂ ನೀರನ್ನು ಒಂದು ಡಿಗ್ರಿ ಸೆಂಟಿಗ್ರೇಡ್ ಕಾಯಿಸಲು ಸುಮಾರು 4,190 ಜೂಲ್ ಬೇಕು. ಆದ್ದರಿಂದ ಜೋಗದ ನೀರು ಹೆಚ್ಚೆಂದರೆ 0.6 ಡಿಗ್ರಿ ಬಿಸಿಯಾದೀತು. 817 ಅಡಿ ಬಿದ್ದ ನೀರು ಒಂದು ಡಿಗ್ರಿ ಫ್ಯಾರನ್‌ಹೀಟ್ ಬಿಸಿಯಾಗಬೇಕೆಂದು ಇಂಗ್ಲೆಂಡಿನ ಜೂಲ್ 1845ರಲ್ಲಿ ಗಣಿಸಿದ್ದನು. ಜೋಗದ ಎತ್ತರ ಹೆಚ್ಚುಕಡಿಮೆ ಅಷ್ಟೇ! ಆದರೆ ತುಂತುರು ಆವಿಯಾಗುವಾಗ ನೀರಿನಿಂದಲೇ ಉಷ್ಣವನ್ನು ಹೀರುವುದರಿಂದ, ಈ ಅಲ್ಪ ಏರಿಕೆಯನ್ನು ಉಷ್ಣತಾಮಾಪಕದಲ್ಲಿ ಹಿಡಿಯುವುದು ಸುಲಭವಲ್ಲ.

1964ರಲ್ಲಿ ಜೋಗದ ಮೇಲ್ಭಾಗದಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತು. ಅಲ್ಲಿ ನಿಂತ ನೀರು ತಳಕಳಲೆಯ ಮೂಲಕ ಸಾಗಿ, ಜಲಪಾತವನ್ನು ಬಳಸಿ, ಕೊಳವೆಗಳಲ್ಲಿ ಇಳಿದು 1,035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರದ ಚಕ್ರಗಳನ್ನು ತಿರುಗಿಸುತ್ತದೆ. ಬಂಡೆಯನ್ನು ಕಾಯಿಸಬಹುದಾಗಿದ್ದ ಶಕ್ತಿಯೇ ಊರಿನ ದೀಪವನ್ನು ಉರಿಸುತ್ತದೆ. ಒಂದೇ ಹನಿಯು ಎರಡು ಕಡೆ ಬೀಳಲಾರದು. ಬೇಸಗೆಯಲ್ಲಿ ರಾಜಾ, ರಾಣಿ, ರೋರರ್, ರಾಕೆಟ್ ಧಾರೆಗಳು ಸೊರಗಿರುವುದಕ್ಕೆ ಮಳೆಯಿಲ್ಲದಿರುವುದರ ಜೊತೆಗೆ ಇದೂ ಕಾರಣ.

ಈ ಲೆಕ್ಕದಲ್ಲಿ ಶಕ್ತಿ ಸರಿಹೊಂದುತ್ತದೆ. ಆದರೆ ಲೆಕ್ಕಕ್ಕೆ ಬಾರದ ಬೆಲೆಯೂ ಉಂಟು. ಜಲಾಶಯಕ್ಕಾಗಿ ಸಾಗರ, ಹೊಸನಗರ ತಾಲ್ಲೂಕುಗಳ ಊರುಗಳೂ ಗದ್ದೆಗಳೂ ಕಾಡೂ ಮುಳುಗಿದವು. ಅಲ್ಲಿನ ಸಂಸಾರಗಳು ಮನೆ ಬಿಟ್ಟು ಬೇರೆಡೆ ನೆಲೆ ಹುಡುಕಬೇಕಾಯಿತು. ಉಳಿದ ಅರಣ್ಯದ ಒಂದು ಭಾಗವನ್ನು 1972ರಲ್ಲಿ ಶರಾವತಿ ಕಣಿವೆಯ ಅಭಯಾರಣ್ಯವೆಂದು ಘೋಷಿಸಲಾಯಿತು; 2019ರಲ್ಲಿ ಅದನ್ನು ಸಿಂಗಳೀಕಗಳ ರಕ್ಷಣೆಗಾಗಿ ವಿಸ್ತರಿಸಲಾಯಿತು. ಪ್ರಕೃತಿಯಲ್ಲಿ ಶಕ್ತಿಯು ನಾಶವಾಗುವುದಿಲ್ಲ, ರೂಪಾಂತರ ಹೊಂದುತ್ತದೆ. ಮುಳುಗಿದ ಊರಿಗೂ ಅಳಿದ ಕಾಡಿಗೂ ಅಂಥ ನಿಯಮವಿಲ್ಲವೆಂಬುದನ್ನು ಜಲಾಶಯದ ದಡದಲ್ಲಿ ನಿಂತ ವಿದ್ಯಾರ್ಥಿಯು ಮರೆಯಬಾರದು.