ಕೆಸರಿನಲ್ಲಿ ಉಳಿದ ಹೆಜ್ಜೆ: ವಯಸ್ಸು ಹೇಳುವುದು ಹೇಗೆ?

ಅಮೆರಿಕ ಖಂಡಕ್ಕೆ ಮನುಷ್ಯರು ಮೊದಲು ಕಾಲಿಟ್ಟದ್ದು ಯಾವಾಗ? ಬಹುಕಾಲ ಪಠ್ಯಪುಸ್ತಕಗಳಲ್ಲಿದ್ದ ಉತ್ತರ, ಸುಮಾರು 13,000 ವರ್ಷಗಳ ಹಿಂದೆ ಅಂತ. ನ್ಯೂ ಮೆಕ್ಸಿಕೋದ ಕ್ಲೋವಿಸ್ ಊರಿನ ಹತ್ತಿರ 1930ರ ದಶಕದಲ್ಲಿ ಮ್ಯಾಮತ್ ಎಲುಬುಗಳ ಜೊತೆ ಕಲ್ಲಿನ ಈಟಿಮೊನೆಗಳು ಸಿಕ್ಕಿದ್ದವು. ಅವನ್ನು ಮಾಡಿದವರೇ ಮೊದಲಿಗರು ಎಂದು ನಂಬಲಾಗಿತ್ತು.

2021ರಲ್ಲಿ ಅದೇ ರಾಜ್ಯದ ವೈಟ್ ಸ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದಿಂದ ಬೇರೆಯೇ ಸುದ್ದಿ ಬಂತು. ಒಣಗಿಹೋದ ಪುರಾತನ ಕೆರೆಯ ಅಂಚಿನಲ್ಲಿ ಮನುಷ್ಯರ ಹೆಜ್ಜೆಗುರುತುಗಳು! ಹೆಚ್ಚಿನವು ಮಕ್ಕಳವು, ಹದಿಹರೆಯದವರವು. ವಯಸ್ಸು 21,000ದಿಂದ 23,000 ವರ್ಷ. ಆಗ ಕೆನಡಾದ ಬಹುಭಾಗ ದಪ್ಪ ಹಿಮದಡಿಯಲ್ಲಿತ್ತು. ಹಾಗಾದರೆ ಈ ಮಕ್ಕಳ ಹಿರಿಯರು ಬಂದದ್ದು ಯಾವ ದಾರಿಯಲ್ಲಿ?

ಆದರೆ ಆ ಪ್ರಶ್ನೆಗೂ ಮೊದಲು, ವಯಸ್ಸು ಸರಿಯೇ ಅಂತ ನೋಡಬೇಕಲ್ವಾ? ಹೆಜ್ಜೆಗೆ ನೇರವಾಗಿ ವಯಸ್ಸು ಕಟ್ಟಲು ಆಗುವುದಿಲ್ಲ. ಹಾಗಾಗಿ ಆ ಪದರಗಳಲ್ಲಿದ್ದ ರುಪ್ಪಿಯಾ ಎಂಬ ನೀರುಹುಲ್ಲಿನ ಬೀಜಗಳನ್ನು ಪರೀಕ್ಷಿಸಿದ್ದರು. ಗಿಡ ಸತ್ತ ಮೇಲೆ ಅದರೊಳಗಿನ ಕಾರ್ಬನ್-14 ಸುಮಾರು 5,730 ವರ್ಷಕ್ಕೊಮ್ಮೆ ಅರ್ಧವಾಗುತ್ತದೆ. ಎಷ್ಟು ಉಳಿದಿದೆ ಎಂದು ಅಳೆದರೆ ವಯಸ್ಸು ಸಿಗುತ್ತದೆ. ತೊಡಕು ಇಲ್ಲೇ ಇದೆ. ನೀರಿನೊಳಗೆ ಬೆಳೆಯುವ ಗಿಡ, ಬಂಡೆಯಿಂದ ಕರಗಿ ಬಂದ ಹಳೆಯ ಇಂಗಾಲವನ್ನೂ ಹೀರಿಕೊಳ್ಳಬಹುದು. ಅದರಲ್ಲಿ ಕಾರ್ಬನ್-14 ಇರುವುದೇ ಇಲ್ಲ. ಆಗ ಬೀಜ ಇದ್ದದ್ದಕ್ಕಿಂತ ಸಾವಿರಾರು ವರ್ಷ ಹಳೆಯದಾಗಿ ಕಾಣುತ್ತದೆ. ವಿಮರ್ಶಕರು ಎತ್ತಿದ ಆಕ್ಷೇಪ ಇದೇ, ನ್ಯಾಯವಾದದ್ದೇ.

ಸಂಶೋಧಕರು ವಾದಕ್ಕೆ ಕೂರಲಿಲ್ಲ, ಬೇರೆ ಸಾಕ್ಷಿ ಹುಡುಕಿದರು. 2023ರಲ್ಲಿ ಅದೇ ಪದರಗಳ ಪೈನ್ ಜಾತಿಯ ಮರಗಳ ಪರಾಗಕಣಗಳನ್ನು ಪರೀಕ್ಷಿಸಿದರು. ಒಂದೊಂದು ಮಾದರಿಗೆ ಸುಮಾರು 75,000 ಕಣ! ಈ ಮರಗಳು ಇಂಗಾಲ ಪಡೆಯುವುದು ಗಾಳಿಯಿಂದ, ಹಾಗಾಗಿ ನೀರಿನ ತಕರಾರು ಇಲ್ಲ. ಜೊತೆಗೆ, ಮಣ್ಣಿನ ಕ್ವಾರ್ಟ್ಜ್ ಕಣಗಳು ಕೊನೆಯ ಸಲ ಬಿಸಿಲು ಕಂಡದ್ದು ಯಾವಾಗ ಅಂತಲೂ ಅಳೆದರು. ಹೂತುಹೋದ ಕಣ ಸುತ್ತಲಿನ ಸಹಜ ವಿಕಿರಣದ ಶಕ್ತಿಯನ್ನು ಕೂಡಿಸಿಕೊಳ್ಳುತ್ತದೆ. ಬಿಸಿಲು ಬಿದ್ದರೆ ಲೆಕ್ಕ ಸೊನ್ನೆಗೆ ಬರುತ್ತದೆ. ಇಲ್ಲಿ ಇಂಗಾಲದ ಮಾತೇ ಇಲ್ಲ. ಎರಡೂ ಉತ್ತರಗಳು ಬೀಜಗಳ ಲೆಕ್ಕಕ್ಕೆ ಹೊಂದಿದವು.

ನಾವು ಗಮನಿಸಬೇಕಾದ್ದು ಇದನ್ನೇ. ಒಂದೇ ವಿಧಾನವನ್ನು ನೂರು ಸಲ ಮಾಡಿದರೂ ಅದರ ತಪ್ಪು ಅದರಲ್ಲೇ ಉಳಿಯುತ್ತದೆ. ಬೇರೆ ಬೇರೆ ಕಾರಣಕ್ಕೆ ತಪ್ಪಬಹುದಾದ ವಿಧಾನಗಳು ಒಂದೇ ಉತ್ತರ ಕೊಟ್ಟರೆ ನಂಬಿಕೆ ಗಟ್ಟಿಯಾಗುತ್ತದೆ. ಹಾಗಂತ ಚರ್ಚೆ ಮುಗಿದಿಲ್ಲ. ಆ ಹೆಜ್ಜೆಗಳ ಪಕ್ಕದಲ್ಲಿ ಕಲ್ಲಿನ ಉಪಕರಣಗಳು ಯಾಕಿಲ್ಲ ಎಂದು ಕೇಳುವವರು ಈಗಲೂ ಇದ್ದಾರೆ. ಕೇಳಲೇಬೇಕು.