ಹೆಡ್‌ಲೈಟ್ ನೆಲ ನೋಡುತ್ತಿದ್ದರೆ

ಬಲ್ಬ್ ಬದಲಿಸಲು ಅವಸರ ಬೇಡ. ಸಂಪಾಜೆ ಘಾಟಿಯಲ್ಲಿ ಬೆಳಕು ಬಾನೆಟ್ ಮುಂದೆಯೇ ಬಿದ್ದುಹೋಗುತ್ತಿದ್ದರೆ, ಮೊದಲು ಸ್ಟೀರಿಂಗ್ ಪಕ್ಕದ ಡ್ಯಾಶ್‌ಬೋರ್ಡಿನಲ್ಲಿ 0ಯಿಂದ 3ರವರೆಗೆ ಅಂಕಿಗಳಿರುವ ಸಣ್ಣ ಚಕ್ರವಿದೆಯೇ ನೋಡಿ. 0 ಎಂದರೆ ಬೆಳಕು ಮೇಲೆ, 3 ಎಂದರೆ ತೀರಾ ಕೆಳಗೆ. ಡಿಕ್ಕಿಯಲ್ಲಿ ಕಾಫಿ ಮೂಟೆ ಹೇರಿದಾಗ ಹಿಂಭಾಗ ಕುಸಿದು ಗಾಡಿಯ ಮೂತಿ ಮೇಲೇಳುತ್ತದಲ್ಲ, ಆಗ ಬೆಳಕು ತಗ್ಗಿಸಲೆಂದೇ ಇದು ಇರುವುದು. ಮೂಟೆ ಇಳಿಸಿದ ಮೇಲೆ ಇದನ್ನು ಮತ್ತೆ 0ಗೆ ತರಲು ಮರೆಯುವವರು ಬಹಳ.

ಆ ಚಕ್ರ 0ಯಲ್ಲೇ ಇದ್ದರೆ ಗೋಡೆ ಪರೀಕ್ಷೆ ಮಾಡಿ. ಅದಕ್ಕೆ ಸಮತಟ್ಟು ಜಾಗ ಬೇಕು, ನಮ್ಮ ಗುಡ್ಡಗಾಡಿನಲ್ಲಿ ಅಂಥದ್ದು ಸಿಗುವುದೇ ಅಪರೂಪ. ಕಾಫಿ ಒಣಗಿಸುವ ಕಣ ಇದಕ್ಕೆ ಹೇಳಿಮಾಡಿಸಿದ್ದು. ಟಯರ್ ಗಾಳಿ ಸರಿಯಿರಲಿ, ಚಾಲಕನ ಸೀಟಿನಲ್ಲಿ ಒಬ್ಬರು ಕೂತಿರಲಿ. ಗೋಡೆಯಿಂದ 10 ಮೀಟರ್ ದೂರ ನಿಲ್ಲಿಸಿ ಡಿಮ್ ಹಾಕಿ. ಬಹುತೇಕ ಕಾರುಗಳಲ್ಲಿ ಬೆಳಕಿನ ಮೇಲಂಚು ದೀಪದ ನಡುಮಟ್ಟಕ್ಕಿಂತ 10ರಿಂದ 13 ಸೆಂಟಿಮೀಟರ್ ಕೆಳಗಿರಬೇಕು. ಒಂದೇ ಬದಿ ತಗ್ಗಿದ್ದರೆ ಆ ಬಲ್ಬ್ ಹೋಲ್ಡರಿನಲ್ಲಿ ನೆಟ್ಟಗೆ ಕೂತಿಲ್ಲದಿರಬಹುದು. ಎರಡೂ ತಗ್ಗಿದ್ದರೆ ಬಾನೆಟ್ ಎತ್ತಿ, ದೀಪದ ಹಿಂದಿನ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸುತ್ತ ಗೋಡೆ ನೋಡಿ. ಬೆಳಕನ್ನು ಪಕ್ಕಕ್ಕೆ ಸರಿಸುವ ಸ್ಕ್ರೂ ಬೇರೆ, ಅದನ್ನು ಮುಟ್ಟಬೇಡಿ.

ಮಳೆಗಾಲದ ಮಂಜಿಗೆಂದು ಅಳತೆ ಮೀರಿ ಎತ್ತುವುದೂ ಬೇಡ. ಹನಿಗಳಿಗೆ ಬಡಿದ ಬೆಳಕು ನಿಮ್ಮ ಕಣ್ಣಿಗೇ ವಾಪಸು ಬರುತ್ತದೆ, ತಿರುವಿನಲ್ಲಿ ಎದುರಾಗುವ ಬಸ್ ಚಾಲಕನಿಗೂ ಕಣ್ಣು ಕುಕ್ಕುತ್ತದೆ. ಸ್ಕ್ರೂ ತಿರುಗಿದರೂ ಬೆಳಕು ಕದಲದಿದ್ದರೆ ಒಳಗಿನ ಪ್ಲಾಸ್ಟಿಕ್ ಹಿಡಿಕೆ ಮುರಿದಿರಬಹುದು, ಗ್ಯಾರೇಜಿಗೆ ಒಯ್ಯಿರಿ.