ಮೀನಿನ ಬಾಯಿ ನೋಡಿ ಗಾಳ ಕಟ್ಟು



ಕೆರೆಗೆ ನೀರು ಬಂದ ವರ್ಷ ನಮ್ಮ ತರಗತಿಯ ಹಿಂದಿನ ಬೆಂಚುಗಳಲ್ಲಿ ಒಂದು ಹೊಸ ಉತ್ಸಾಹ ಕಾಣಿಸಿಕೊಳ್ಳುತ್ತದೆ. ಸೋಮವಾರ ಬೆಳಿಗ್ಗೆ "ಮನೆಪಾಠ ಎಲ್ಲಿ?" ಎಂದು ಕೇಳಿದರೆ "ಮೀನು ಹಿಡಿಯೋಕೆ ಹೋಗಿದ್ವಿ ಸಾರ್" ಎಂಬ ಉತ್ತರ ಬರುತ್ತದೆ. "ಎಷ್ಟು ಸಿಕ್ಕಿತು?" ಎಂದರೆ ಮಾತ್ರ ಎಲ್ಲರೂ ತಲೆ ತಗ್ಗಿಸುತ್ತಾರೆ.

ಒಮ್ಮೆ ಹಾಗೆ ತಲೆ ತಗ್ಗಿಸಿದ ಹುಡುಗನೊಬ್ಬನ ಸಾಮಾನನ್ನು ನಾವು ತರಿಸಿ ನೋಡಿದೆವು. ಗಾಳ ಐದು ಕಿಲೋ ಮೀನಿಗೆ ತಕ್ಕದ್ದು. ದಾರ ಹೂ ಕಟ್ಟುವ ನೂಲು. ಗುಂಡು ಇರಲಿಲ್ಲ. ಬೆಂಡು ಇರಲಿಲ್ಲ. ಸಂಜೆಯವರೆಗೆ ಕುಳಿತರೂ ಒಂದು ಮೀನೂ ಕಚ್ಚಲಿಲ್ಲ. ಕಡೆಗೆ ಗಾಳ ನೀರೊಳಗಿನ ಜಾಲಿ ಬೊಡ್ಡೆಗೆ ಸಿಕ್ಕಿತು. ಅದನ್ನು ಬಿಡಿಸಲು ಹುಡುಗ ನೀರಿಗೆ ಇಳಿದ. ನಾಲ್ಕು ಹೆಜ್ಜೆ ಮೊಣಕಾಲಿನ ನೀರು. ಐದನೆಯ ಹೆಜ್ಜೆ ಬೇಸಿಗೆಯಲ್ಲಿ ಮಣ್ಣು ತೆಗೆದ ಗುಂಡಿ. ದಡದಲ್ಲಿ ದನ ಮೇಯಿಸುತ್ತಿದ್ದ ಹಿರಿಯರೊಬ್ಬರು ತಮ್ಮ ಪಂಚೆ ಬಿಚ್ಚಿ ಎಸೆದು ಎಳೆಯದಿದ್ದರೆ ಈ ಲೇಖನವನ್ನು ನಾವು ಬರೆಯುತ್ತಿರಲಿಲ್ಲ.

ಹುಡುಗರನ್ನು ಕೆರೆಗೆ ಹೋಗಬೇಡಿ ಎಂದು ಹೇಳುವುದು ಸುಲಭ. ಅವರು ಹೋಗುತ್ತಾರೆ. ಆದ್ದರಿಂದ ಸರಿಯಾಗಿ ಹೋಗುವುದು ಹೇಗೆ ಎಂಬುದನ್ನು ಪಾಠವಾಗಿ ಹೇಳುವುದೇ ಮೇಲು ಎಂದು ನಮಗೆ ತೋರಿತು.

1. ಮೊದಲು ಮೀನು, ಆಮೇಲೆ ಸಾಮಾನು

ಅಂಗಡಿಗೆ ಹೋಗಿ ಗಾಳ ಕೊಳ್ಳುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ನಮಗೆ ಬೇಕಾದ ಮೀನು ನೀರಿನ ಯಾವ ಮಟ್ಟದಲ್ಲಿ ಇರುತ್ತದೆ? ಅದು ಹೇಗೆ ತಿನ್ನುತ್ತದೆ?

ನಮ್ಮ ಸೆಟ್ಟೂರು ಸೀಮೆಯಲ್ಲಿ ಮಳೆ ಕಡಿಮೆ. ಅನಂತಪುರ ಜಿಲ್ಲೆಯ ಸರಾಸರಿ ವರ್ಷಕ್ಕೆ ಸುಮಾರು 550 ಮಿಲಿಮೀಟರು ಮಾತ್ರ. ಕೆರೆಗೆ ನೀರು ಬಂದ ವರ್ಷ ಮೀನುಮರಿ ತಂದು ಬಿಡುತ್ತಾರೆ. ಹೀಗೆ ಬಿಡುವ ಮರಿಗಳಲ್ಲಿ ಮುಖ್ಯವಾದವು ಮೂರು: ಕಾಟ್ಲಾ, ರೋಹು, ಮೃಗಾಲ. ಈ ಮೂರರ ಬಾಯಿಯನ್ನು ಸಂತೆಯಲ್ಲಿ ಒಮ್ಮೆ ನೋಡಿರಿ. ಕಾಟ್ಲಾದ ಬಾಯಿ ಅಗಲ, ಮೇಲ್ಮುಖ. ಅದು ಮೇಲಿನ ನೀರಿನಲ್ಲಿ ಮೇಯುತ್ತದೆ. ರೋಹು ನಡುನೀರಿನದು. ಮೃಗಾಲದ ಬಾಯಿ ಕೆಳಮುಖ. ಅದು ತಳದ ಕೆಸರಿನಲ್ಲಿ ಆಹಾರ ಹುಡುಕುತ್ತದೆ. ಒಂದೇ ಕೆರೆಯಲ್ಲಿ ಮೂರು ಅಂತಸ್ತಿನ ಮನೆ ಕಟ್ಟಿಕೊಂಡು ಮೂವರೂ ಜಗಳವಿಲ್ಲದೆ ಬಾಳುತ್ತಾರೆ. ಅದಕ್ಕಾಗಿಯೇ ಈ ಮೂರನ್ನೂ ಒಟ್ಟಿಗೆ ಬಿಡುವುದು.

ನಾಲ್ಕನೆಯದು ಕೊರಮೀನು. ಕನ್ನಡದ ಬೇರೆ ಕಡೆಗಳಲ್ಲಿ ಇದನ್ನು ಕುಚ್ಚು ಮೀನು ಎನ್ನುವುದುಂಟು. ಇದು ಬೇಟೆಗಾರ. ಕಪ್ಪೆ, ಸಣ್ಣ ಮೀನುಗಳನ್ನು ತಿನ್ನುತ್ತದೆ. ಗಾಳಿಯನ್ನು ನೇರವಾಗಿ ಉಸಿರಾಡಬಲ್ಲದು. ಆಗಾಗ ಮೇಲೆ ಬಂದು ಗುಳುಕ್ ಎಂದು ಉಸಿರು ಎಳೆದುಕೊಳ್ಳುವುದನ್ನು ಜೊಂಡಿನ ಅಂಚಿನಲ್ಲಿ ನೀವು ನೋಡಿರಬಹುದು.

ಈಗ ಆ ಹುಡುಗನ ಸೋಲು ಅರ್ಥವಾಯಿತಲ್ಲವೇ? ಅವನು ಯಾವ ಮೀನಿಗಾಗಿ ಕುಳಿತಿದ್ದನೆಂಬುದು ಅವನಿಗೇ ಗೊತ್ತಿರಲಿಲ್ಲ.

2. ಗಾಳ ಮತ್ತು ಎರೆ

ಗಾಳಕ್ಕೆ ಸಂಖ್ಯೆ ಇರುತ್ತದೆ. ಸಾಮಾನ್ಯ ಗಾಳಗಳಲ್ಲಿ ಸಂಖ್ಯೆ ದೊಡ್ಡದಾದಷ್ಟೂ ಗಾಳ ಸಣ್ಣದು. 12 ನೆಯ ಸಂಖ್ಯೆಯದು 6 ಕ್ಕಿಂತ ಚಿಕ್ಕದು. ಇದನ್ನು ತಿಳಿಯದೆ "ದೊಡ್ಡ ನಂಬರು ಕೊಡಿ" ಎಂದು ಕೇಳಿ ಮೋಸಹೋದವರು ಬಹಳ. ಸಣ್ಣ ಬಾಯಿಯ ಮೀನಿಗೆ ಸಣ್ಣ ಗಾಳ. ಸಣ್ಣ ಗಾಳದಲ್ಲಿ ದೊಡ್ಡ ಮೀನು ಸಿಗಬಹುದು. ದೊಡ್ಡ ಗಾಳ ಸಣ್ಣ ಬಾಯಿಯೊಳಗೆ ಹೋಗುವುದೇ ಇಲ್ಲ.

ಗಾಳದ ತುದಿ ಚೂಪಾಗಿದೆಯೇ ಎಂದು ಉಗುರಿನ ಮೇಲೆ ಮೆಲ್ಲನೆ ಎಳೆದು ನೋಡಬೇಕು. ಗೀರು ಬಿದ್ದರೆ ಸರಿ; ಜಾರಿದರೆ ಮೊಂಡಾಗಿದೆ ಎಂದು ಅರ್ಥ.

ಗಾಳಕ್ಕೆ ಸಿಕ್ಕಿಸುವ ಆಹಾರಕ್ಕೆ ಕನ್ನಡದಲ್ಲಿ ಎರೆ ಎಂದು ಹೆಸರು. ಎರೆಹುಳುವಿನ ಹೆಸರಿನಲ್ಲಿ ಕುಳಿತಿರುವುದು ಈ ಮಾತೇ. ಗೆಂಡೆ ಜಾತಿಯ ಮೀನುಗಳಿಗೆ ಶೇಂಗಾ ಹಿಂಡಿ ಮತ್ತು ತವುಡನ್ನು ಕಲಸಿ, ಕಡಲೆ ಗಾತ್ರದ ಉಂಡೆ ಮಾಡಿದರೆ ಸಾಕು. ಶೇಂಗಾ ಬೆಳೆಯುವ ನಮ್ಮ ನಾಡಿನಲ್ಲಿ ಇದಕ್ಕೆ ಹಣ ಕೊಡಬೇಕಾಗಿಲ್ಲ. ಮೃಗಾಲಕ್ಕೆ ಎರೆಹುಳುವೂ ಆದೀತು. ಎರೆ ಗಾಳವನ್ನು ಮುಚ್ಚಬೇಕು, ಆದರೆ ತುದಿಯನ್ನು ಹೂತುಬಿಡಬಾರದು.

3. ದಾರ ಮತ್ತು ಗಂಟು

ನೈಲಾನ್ ದಾರದ ಉರುಳೆಯ ಮೇಲೆ ಅದು ಎಷ್ಟು ಭಾರ ತಡೆಯುತ್ತದೆಂದು ಬರೆದಿರುತ್ತದೆ. ತೆಳುವಾದ ದಾರ ಮೀನಿನ ಕಣ್ಣಿಗೆ ಬೀಳುವುದು ಕಡಿಮೆ. ದಪ್ಪ ದಾರ ಹೆಚ್ಚು ಭಾರ ತಡೆಯುತ್ತದೆ. ಎರಡರ ನಡುವೆ ಆಯ್ಕೆ ಮಾಡಬೇಕು. ಕೆರೆಯ ಸಾಧಾರಣ ಮೀನಿಗೆ ನಾಲ್ಕೈದು ಕಿಲೋ ತಡೆಯುವ ದಾರ ಸಾಕು. ಜೊಂಡಿನೊಳಗೆ ನುಗ್ಗುವ ಕೊರಮೀನಿಗೆ ಇನ್ನೂ ಗಟ್ಟಿ ಬೇಕು.

ದಾರ ಹರಿಯುವುದು ಬಹುಮಟ್ಟಿಗೆ ಗಂಟಿನಲ್ಲಿ. ನಾವು ದಿನವೂ ಹಾಕುವ ಒಂಟಿ ಗಂಟು ನೈಲಾನಿನ ಬಲವನ್ನು ಅರ್ಧದಷ್ಟು ಕುಗ್ಗಿಸಬಲ್ಲದು. ಸರಿಯಾದ ಗಂಟು ಹೀಗೆ: ದಾರದ ತುದಿಯನ್ನು ಗಾಳದ ಕಣ್ಣಿನೊಳಗೆ ತೂರಿಸಿ ಗೇಣುದ್ದ ಹೊರಗೆಳೆಯಿರಿ. ಆ ತುದಿಯನ್ನು ಮೂಲ ದಾರದ ಸುತ್ತ ಐದಾರು ಬಾರಿ ಸುತ್ತಿರಿ. ಈಗ ಗಾಳದ ಕಣ್ಣಿನ ಪಕ್ಕದಲ್ಲಿಯೇ ಒಂದು ಸಣ್ಣ ಕುಣಿಕೆ ಕಾಣುತ್ತದೆ. ತುದಿಯನ್ನು ಆ ಕುಣಿಕೆಯಲ್ಲಿ ತೂರಿಸಿರಿ. ಗಂಟನ್ನು ನೀರಿನಲ್ಲಿ ನೆನೆಸಿ ನಿಧಾನವಾಗಿ ಬಿಗಿಯಿರಿ. ಒಣದಾರವನ್ನು ಜಗ್ಗಿ ಬಿಗಿದರೆ ತಿಕ್ಕಾಟದ ಕಾವಿಗೆ ನೈಲಾನ್ ಸವೆಯುತ್ತದೆ. ಮನೆಯಲ್ಲಿ ಇದನ್ನು ಗಾಳದ ಬದಲು ಒಂದು ಬಳೆಗೆ ಹತ್ತು ಸಲ ಕಟ್ಟಿ ಕಲಿಯಿರಿ.

4. ಗುಂಡು ಮತ್ತು ಬೆಂಡು

ಗುಂಡು ಎರೆಯನ್ನು ಮೀನಿನ ಮಟ್ಟಕ್ಕೆ ಇಳಿಸುತ್ತದೆ. ಬೆಂಡು ಅದನ್ನು ಆ ಮಟ್ಟದಲ್ಲಿ ನಿಲ್ಲಿಸುತ್ತದೆ. ಗಾಳದಿಂದ ಒಂದು ಗೇಣು ಮೇಲೆ ಸಣ್ಣ ಸೀಸದ ಗುಂಡನ್ನು ಕಚ್ಚಿಸಬೇಕು. ಕಚ್ಚಿಸುವುದೆಂದರೆ ಇಕ್ಕಳದಿಂದ, ಹಲ್ಲಿನಿಂದ ಅಲ್ಲ. ಸೀಸ ವಿಷ. ಅದನ್ನು ಮುಟ್ಟಿದ ಕೈಯನ್ನು ತೊಳೆಯದೆ ತಿಂಡಿ ತಿನ್ನಬಾರದು.

ಬೆಂಡಿಗೆ ಒಣ ಜೋಳದ ದಂಟಿನ ತುಂಡು ಸಾಕು. ಅದರ ತುದಿ ಮಾತ್ರ ನೀರಿನ ಮೇಲೆ ಕಾಣುವಷ್ಟು ಗುಂಡಿನ ಭಾರ ಇರಬೇಕು. ಬೆಂಡು ಪೂರ್ತಿ ತೇಲಿದರೆ ಮೀನು ಮೆಲ್ಲನೆ ಎಳೆದದ್ದು ನಮಗೆ ತಿಳಿಯುವುದಿಲ್ಲ. ಮೀನಿಗೆ ಮಾತ್ರ ಎಳೆತ ತಿಳಿದು ಅದು ಎರೆಯನ್ನು ಉಗುಳುತ್ತದೆ.

ಆಳ ಅಳೆಯುವುದು ಹೀಗೆ: ಗಾಳಕ್ಕೆ ಒಂದು ಸಣ್ಣ ಕಲ್ಲು ಕಟ್ಟಿ ದಡದಿಂದಲೇ ಇಳಿಬಿಡಿ. ಬೆಂಡು ಮುಳುಗಿದರೆ ಆಳ ಹೆಚ್ಚು, ಅಡ್ಡ ಬಿದ್ದರೆ ಕಡಿಮೆ. ಬೆಂಡನ್ನು ಸರಿಸುತ್ತಾ ಅದು ನೆಟ್ಟಗೆ ನಿಲ್ಲುವಂತೆ ಮಾಡಿದರೆ ನೀರಿನ ಆಳ ಸಿಕ್ಕಿತು. ಮೃಗಾಲಕ್ಕೆ ಅಷ್ಟೇ ಆಳ. ರೋಹುವಿಗೆ ಅದರ ಅರ್ಧ. ಕಾಟ್ಲಾಕ್ಕೆ ಇನ್ನೂ ಮೇಲೆ. ನೀರಿಗೆ ಕಾಲಿಡದೆ ಕೆರೆಯ ಗುಂಡಿಗಳನ್ನು ಕಂಡುಹಿಡಿಯುವ ಉಪಾಯವೂ ಇದೇ.

5. ಕಡಲಿನವರೂ ಕೇಳುವುದು ಇದೇ ಪ್ರಶ್ನೆ

ಕೆರೆಯ ಮೀನು ಇದ್ದಲ್ಲಿಗೆ ನಾವು ಗಾಳ ಇಳಿಸಿ ಕಾಯುತ್ತೇವೆ. ಕಡಲು ಅಪಾರ, ಅಲ್ಲಿ ಕಾದರೆ ಆಗದು. ಆದ್ದರಿಂದ ಓಡುವ ದೋಣಿಯ ಹಿಂದೆ ಗಾಳವನ್ನು ಎಳೆದುಕೊಂಡು ಹೋಗುವ ಪದ್ಧತಿ ಇದೆ. ಇದಕ್ಕೆ ಇಂಗ್ಲಿಷಿನಲ್ಲಿ ಟ್ರೋಲಿಂಗ್ ಎನ್ನುತ್ತಾರೆ. ಬಲೆ ಎಳೆಯುವ ಟ್ರಾಲಿಂಗ್ ಬೇರೆ, ಇದು ಬೇರೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಅಂಜಲ್ ಮೀನನ್ನು ಹೀಗೆ ಹಿಡಿಯುವುದುಂಟು. ಅಂಜಲ್‌ನ ಹಲ್ಲು ಕತ್ತರಿಯಂತೆ. ಆದ್ದರಿಂದ ಗಾಳದ ಹತ್ತಿರ ದಾರದ ಬದಲು ಸಣ್ಣ ಲೋಹದ ತಂತಿ ಕಟ್ಟುತ್ತಾರೆ.

ಅಮೆರಿಕ ಮತ್ತು ಕೆನಡಾದಲ್ಲಿ ಸಾಲ್ಮನ್ ಮೀನಿಗೆ ಈ ಪದ್ಧತಿ ಪ್ರಸಿದ್ಧ. ಸಾಲ್ಮನ್ ನದಿಯಲ್ಲಿ ಹುಟ್ಟಿ, ಕಡಲಿಗೆ ಹೋಗಿ ಬೆಳೆದು, ಮೊಟ್ಟೆಯಿಡಲು ಹುಟ್ಟಿದ ನದಿಗೇ ಮರಳುವ ಮೀನು. 1966 ರಲ್ಲಿ ಮಿಚಿಗನ್ ರಾಜ್ಯದವರು ಇದರ ಒಂದು ಜಾತಿಯ ಮರಿಗಳನ್ನು ತಮ್ಮ ಸಿಹಿನೀರಿನ ಮಹಾಸರೋವರಕ್ಕೆ ಸೇರುವ ಹೊಳೆಗಳಲ್ಲಿ ಬಿಟ್ಟು ಯಶಸ್ವಿಯಾದರು. ಸಾಲ್ಮನ್‌ಗೆ ತಣ್ಣೀರು ಬೇಕು. ನೀರಿನ ಕಾವಿಗೆ ತಕ್ಕಂತೆ ಅದು ಆಳ ಬದಲಿಸುತ್ತದೆ. ಆದ್ದರಿಂದ ಅಲ್ಲಿನವರು ನಾಲ್ಕೈದು ಕಿಲೋ ತೂಕದ ಗುಂಡನ್ನು ಬೇರೊಂದು ಗಟ್ಟಿ ತಂತಿಯಲ್ಲಿ ಇಳಿಬಿಡುತ್ತಾರೆ. ಗಾಳದ ದಾರವನ್ನು ಆ ತಂತಿಗೆ ಒಂದು ಚಿಮುಟದಿಂದ ಸಿಕ್ಕಿಸಿರುತ್ತಾರೆ. ಮೀನು ಕಚ್ಚಿದೊಡನೆ ಚಿಮುಟ ಬಿಟ್ಟುಕೊಂಡು ದಾರ ಬಿಡುಗಡೆಯಾಗುತ್ತದೆ. ಭಾರವಾದ ಗುಂಡಿನ ಹಂಗಿಲ್ಲದೆ ಮೀನನ್ನು ಎಳೆಯಬಹುದು. ಗಾಳದ ಮುಂದೆ ಸುಮಾರು ಒಂದು ಅಡಿ ಉದ್ದದ ಹೊಳೆಯುವ ತಟ್ಟೆ ತಿರುಗುತ್ತಿರುತ್ತದೆ. ದೂರದ ಸಾಲ್ಮನ್ ಅದರ ಮಿಂಚನ್ನು ಕಂಡು ಹತ್ತಿರ ಬರುತ್ತದೆ. ದೋಣಿಯ ವೇಗ ಮನುಷ್ಯನ ನಿಧಾನ ನಡಿಗೆಯಷ್ಟು. ಇನ್ನೂ ಬೇಗ ಹೋದರೆ ಎರೆ ಸಣ್ಣ ಮೀನಿನಂತೆ ಈಜದೆ ಗಿರಗಿರನೆ ಸುತ್ತುತ್ತದೆ, ಸಾಲ್ಮನ್ ಮೋಸಹೋಗುವುದಿಲ್ಲ.

ನೋಡಿ, ಯಂತ್ರ ಬೇರೆ, ಹಣ ಬೇರೆ, ಪ್ರಶ್ನೆ ಮಾತ್ರ ಒಂದೇ: ಮೀನು ಎಷ್ಟು ಆಳದಲ್ಲಿದೆ, ಹೇಗೆ ತಿನ್ನುತ್ತದೆ? ಅವರ ಲೋಹದ ಗುಂಡು ನಮ್ಮ ಸೀಸದ ಗುಂಡಿನ ಅಣ್ಣ.

6. ದಡದ ನಿಯಮಗಳು

ಒಂದು: ಗಾಳ ಸಿಕ್ಕಿಕೊಂಡರೆ ದಾರ ಕತ್ತರಿಸಿ. ನೀರಿಗೆ ಇಳಿಯಬೇಡಿ. ಗಾಳದ ಬೆಲೆ ಕೆಲವು ರೂಪಾಯಿ. ಗಾಳವನ್ನು ಕಳೆದುಕೊಂಡು ಬಂದ ಮಗನನ್ನು ಬೈಯಬಾರದೆಂದು ತಂದೆತಾಯಿಗಳಲ್ಲಿ ನಮ್ಮ ವಿನಂತಿ. ಬೈಗುಳಕ್ಕೆ ಹೆದರಿಯೇ ಹುಡುಗರು ನೀರಿಗೆ ಇಳಿಯುತ್ತಾರೆ.

ಎರಡು: ಒಬ್ಬರೇ ಹೋಗಬೇಡಿ. ಈಜು ಬಲ್ಲ ಹಿರಿಯರೊಬ್ಬರು ಜೊತೆಗಿರಲಿ. ವಿದ್ಯುತ್ ತಂತಿಯ ಕೆಳಗೆ ಗಳ ಎತ್ತಬೇಡಿ.

ಮೂರು: ಕೆರೆಯ ಮೀನು ಸುಮ್ಮನೆ ಬಂದದ್ದಲ್ಲ. ಮೀನುಗಾರರ ಸಂಘದವರೋ ಗುತ್ತಿಗೆದಾರರೋ ಹಣ ಹಾಕಿ ಮರಿ ಬಿಟ್ಟಿರುತ್ತಾರೆ. ಕೇಳಿಯೇ ಗಾಳ ಹಾಕಬೇಕು.

ನಾಲ್ಕು: ಮಳೆಗಾಲದಲ್ಲಿ ನೀರಿನ ಮೇಲೆ ಕೆಂಪು ಮರಿಗಳ ಗುಂಪು ಗಿಜಿಗುಡುವುದನ್ನು ಕಂಡರೆ ಅಲ್ಲಿ ಗಾಳ ಹಾಕಬೇಡಿ. ಅವು ಕೊರಮೀನಿನ ಮರಿಗಳು. ಕೆಳಗೆ ದೊಡ್ಡ ಮೀನು ಕಾವಲು ನಿಂತಿರುತ್ತದೆ. ಕಾವಲಿನವನನ್ನು ಎಳೆದುಕೊಂಡರೆ ಮರಿಗಳು ಬೇರೆ ಮೀನುಗಳ ಪಾಲು. ಒಂದು ಮೀನಿನ ಆಸೆಗೆ ನೂರಾರು ಹೋಗುತ್ತವೆ.

ಐದು: ತುಂಡಾದ ದಾರವನ್ನು ದಡದಲ್ಲಿ ಎಸೆಯಬೇಡಿ. ನೈಲಾನ್ ಬೇಗ ಕೊಳೆಯುವುದಿಲ್ಲ. ಹಿಂದೂಪುರದ ಕಡೆ ಚಿಲಮತ್ತೂರಿನ ಬಳಿ ವೀರಾಪುರ ಎಂಬ ಊರಿದೆ. ಪ್ರತಿ ವರ್ಷ ಬಣ್ಣದ ಕೊಕ್ಕರೆಗಳು ಬಂದು ಆ ಊರಿನ ಮರಗಳಲ್ಲಿಯೇ ಗೂಡು ಕಟ್ಟುತ್ತವೆ. ಊರವರು ಅವನ್ನು ಮಕ್ಕಳಂತೆ ಕಾಯುತ್ತಾರೆ. ಸುತ್ತಲಿನ ಕೆರೆಗಳ ಮೀನೇ ಅವುಗಳ ಆಹಾರ. ಎಸೆದ ಒಂದು ಮೊಳ ದಾರ ಅಂಥ ಹಕ್ಕಿಯ ಕಾಲಿಗೆ ಸುತ್ತಿಕೊಂಡರೆ ಅದು ಮರಿಗಳ ಬಳಿಗೆ ಮರಳುವುದಿಲ್ಲ.

ಭಾಗವತದ ಅವಧೂತನಿಗೆ ಇಪ್ಪತ್ತನಾಲ್ಕು ಗುರುಗಳು. ಅವರಲ್ಲಿ ಮೀನೂ ಒಂದು. ನಾಲಿಗೆಯ ಚಪಲಕ್ಕೆ ಗಾಳವನ್ನು ಕಚ್ಚಿ ಸಾಯುವ ಮೀನನ್ನು ನೋಡಿ ಅವನು ಆಸೆಯನ್ನು ಹಿಡಿತದಲ್ಲಿಡಲು ಕಲಿತನಂತೆ. ಗಾಳ ಹಿಡಿದವನಿಗೂ ಆ ಪಾಠ ಬೇಕು. ನೀರಿಗಿಳಿದ ನಮ್ಮ ಹುಡುಗನನ್ನು ಎಳೆದದ್ದೂ ಒಂದು ಗಾಳದ ಮೇಲಿನ ಆಸೆಯೇ ಅಲ್ಲವೇ?

ಅಭ್ಯಾಸ

1. ಕಾಟ್ಲಾ, ರೋಹು, ಮೃಗಾಲಗಳ ಬಾಯಿಯ ಚಿತ್ರ ಬರೆದು, ಪ್ರತಿಯೊಂದಕ್ಕೂ ಬೆಂಡನ್ನು ಎಲ್ಲಿ ಕಟ್ಟುವಿರೆಂದು ತೋರಿಸಿರಿ.
2. ಒಂಟಿ ಗಂಟು ಮತ್ತು ಈ ಪಾಠದ ಗಂಟು ಎರಡನ್ನೂ ಒಂದೇ ದಾರದಲ್ಲಿ ಕಟ್ಟಿ, ಚೀಲಕ್ಕೆ ಕಲ್ಲು ತುಂಬುತ್ತಾ ಯಾವುದು ಮೊದಲು ಹರಿಯುವುದೆಂದು ನೋಡಿರಿ.
3. ಗಾಳ ಸಿಕ್ಕಿಕೊಂಡಾಗ ಏನು ಮಾಡಬೇಕೆಂಬುದನ್ನು ಒಂದೇ ವಾಕ್ಯದಲ್ಲಿ ಬರೆದು ತಂದೆತಾಯಿಗಳ ಸಹಿ ಮಾಡಿಸಿ ತನ್ನಿರಿ.